ರಿಸರ್ವ್ ಬ್ಯಾಂಕ್ ಥರದ್ದು ಇಲ್ದೇ ಒಂದು ದೇಶ ನಡೆಯಲ್ವಾ?

ಪ್ರಶ್ನೆ: ಬಡ್ಡಿ ಎಷ್ಟಿರ್ಬೇಕು ಅಂತ ನಾವು ಓಟ್ ಹಾಕಿ ಆರಿಸದೇ ಇರೋ ಕೆಲವೇ ಜನ ಕೂತು ತೀರ್ಮಾನ ಮಾಡ್ತಾರೆ, ಅದ್ರಿಂದ ನಮ್ಮ ಮನೆ ಲೋನ್ ಇಎಂಐ ಏರುತ್ತೆ. ಇಂಥ ಸೆಂಟ್ರಲ್ ಬ್ಯಾಂಕ್ ದೇಶಕ್ಕೆ ಬೇಕೇ ಬೇಕಾ?

ಇಲ್ದೇನೂ ನಡೆಯುತ್ತೆ ಕಣ್ರೀ. ಇಂಡಿಯಾದಲ್ಲೇ ರಿಸರ್ವ್ ಬ್ಯಾಂಕ್ ಶುರುವಾಗಿದ್ದು 1935ರ ಏಪ್ರಿಲ್ 1ಕ್ಕೆ, ಅದಕ್ಕೂ ಮುಂಚೆ ನೋಟಿನ ವ್ಯವಹಾರ ಸರ್ಕಾರನೇ ನೋಡ್ಕೊಳ್ತಿತ್ತು. ಆದ್ರೆ ಈ ವಿಷಯಕ್ಕೆ ತಲೆಮಾರುಗಟ್ಟಲೆ ಜಗಳ ಆಡಿದ ದೇಶ ಅಂದ್ರೆ ಅಮೆರಿಕ, ಅವರ ಕಥೆ ನೋಡಿದ್ರೆ ಎರಡೂ ಕಡೆಯವರ ಮಾತು ಅರ್ಥ ಆಗುತ್ತೆ.

1791ರಲ್ಲಿ ಅಲ್ಲಿನ ಖಜಾನೆ ಮಂತ್ರಿ ಹ್ಯಾಮಿಲ್ಟನ್ ಹಠ ಹಿಡಿದು ಸೆಂಟ್ರಲ್ ಬ್ಯಾಂಕ್ ಥರದ ಮೊದಲನೇ ಬ್ಯಾಂಕ್ ಮಾಡಿಸಿದ್ರು, ಸಂವಿಧಾನದಲ್ಲಿ ಇದಕ್ಕೆ ಅಧಿಕಾರನೇ ಇಲ್ಲ ಅಂತ ವಿದೇಶಾಂಗ ಮಂತ್ರಿ ಜೆಫರ್ಸನ್ ವಿರೋಧ ಮಾಡಿದ್ರು. ಲೈಸೆನ್ಸ್ ಇದ್ದಿದ್ದು 20 ವರ್ಷಕ್ಕೆ, 1811ರಲ್ಲಿ ಮುಂದುವರಿಸೋ ಮಸೂದೆ ಸೆನೆಟ್‌ಗೆ ಬಂದಾಗ ಓಟು ಸಮ ಸಮ ಆಗೋಯ್ತು, ಉಪಾಧ್ಯಕ್ಷ ಜಾರ್ಜ್ ಕ್ಲಿಂಟನ್ ಬೇಡ ಅಂತ ಓಟ್ ಹಾಕಿದ್ರು, ಬ್ಯಾಂಕ್ ಮುಚ್ಚಿತು. ಮುಂದಿನ ವರ್ಷನೇ ಬ್ರಿಟನ್ ಜೊತೆ ಯುದ್ಧ, ಸರ್ಕಾರಕ್ಕೆ ಸಾಲ ಹುಟ್ಟೋದೇ ಕಷ್ಟ ಆಯ್ತು, ಹಂಗಾಗಿ 1816ರಲ್ಲಿ ಇನ್ನೊಂದು ಬ್ಯಾಂಕ್. ಅದನ್ನ ಮುಂದುವರಿಸೋ ಮಸೂದೆಗೆ 1832ರಲ್ಲಿ ಅಧ್ಯಕ್ಷ ಜಾಕ್ಸನ್ ವೀಟೋ ಹಾಕಿದ್ರು. ಸಾಹುಕಾರ್ರಿಗೂ ವಿದೇಶಿ ಷೇರುದಾರರಿಗೂ ಲಾಭ ಮಾಡಿಕೊಡೋ ಸಂಸ್ಥೆಗೆ ಸರ್ಕಾರ ಯಾಕೆ ವಿಶೇಷ ಹಕ್ಕು ಕೊಡ್ಬೇಕು ಅನ್ನೋದು ಅವರ ಸಿಟ್ಟು. ಆ ಸಿಟ್ಟು ಸುಳ್ಳಲ್ಲ, ನೀವು ಕೇಳಿರೋ ಪ್ರಶ್ನೆಯಲ್ಲೂ ಅದೇ ಇದೆ.

1836ರಲ್ಲಿ ಆ ಎರಡನೇ ಬ್ಯಾಂಕಿನ ಲೈಸೆನ್ಸೂ ಮುಗೀತು, ಅಲ್ಲಿಂದ 1913ರವರೆಗೆ ಅಮೆರಿಕಕ್ಕೆ ಸೆಂಟ್ರಲ್ ಬ್ಯಾಂಕೇ ಇರ್ಲಿಲ್ಲ. ರೈಲು, ಉಕ್ಕಿನ ಕಾರ್ಖಾನೆ ಎಲ್ಲಾ ಆ ಕಾಲದಲ್ಲೇ ಬಂದ್ವು, ಹಾಗಾಗಿ ಇಲ್ದಿದ್ರೆ ದೇಶನೇ ಮುಳುಗುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಆದ್ರೆ ಜನ ಪಟ್ಟ ಪಾಡು ಕಮ್ಮಿ ಇಲ್ಲ. ಮೊದಮೊದಲು ಒಂದೊಂದು ಬ್ಯಾಂಕೂ ತನ್ನದೇ ನೋಟು ಅಚ್ಚು ಹಾಕ್ತಿತ್ತು, ದೂರದ ಊರಿಗೆ ತಗೊಂಡು ಹೋದ್ರೆ ಪೂರ್ತಿ ಬೆಲೆ ಸಿಗ್ತಿರ್ಲಿಲ್ಲ, ಯಾವ ನೋಟಿಗೆ ಎಷ್ಟು, ಯಾವುದು ಖೋಟಾ ಅಂತ ನೋಡೋಕೆ ವ್ಯಾಪಾರಿಗಳು ಪಟ್ಟಿಯ ಪುಸ್ತಕ ಇಟ್ಕೊಂಡಿರ್ತಿದ್ರು. ಸುಗ್ಗಿ ಬಂತು ಅಂದ್ರೆ ಬೆಳೆ ಕೊಳ್ಳೋಕೆ ಹಣ ಹಳ್ಳಿ ಕಡೆ ಹರಿದು ನ್ಯೂಯಾರ್ಕಲ್ಲಿ ಬಡ್ಡಿ ಏರ್ತಿತ್ತು. 1873, 1893, 1907, ಹಿಂಗೆ ಮತ್ತೆ ಮತ್ತೆ ದೊಡ್ಡ ಪ್ಯಾನಿಕ್, ಅಂದ್ರೆ ಜನ ಹೆದರಿ ಒಟ್ಟಿಗೇ ಬ್ಯಾಂಕಿಂದ ದುಡ್ಡು ತೆಗೆಯೋಕೆ ನುಗ್ಗೋದು.

1907ರದ್ದು ಸ್ವಲ್ಪ ಗಮನ ಇಟ್ಟು ನೋಡಿ. ಅಕ್ಟೋಬರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಟ್ರಸ್ಟ್ ಅನ್ನೋ ಬ್ಯಾಂಕ್ ಥರದ ದೊಡ್ಡ ಸಂಸ್ಥೆ ಬಾಗಿಲು ಹಾಕ್ತು, ಎಲ್ಲಾ ಕಡೆ ಜನ ದುಡ್ಡು ವಾಪಸ್ ಕೇಳೋಕೆ ಕ್ಯೂ ನಿಂತ್ರು, ಆಗ ಜೆ.ಪಿ. ಮೋರ್ಗನ್ ಅನ್ನೋ ಶ್ರೀಮಂತ ಬ್ಯಾಂಕರ್ ಉಳಿದ ಬ್ಯಾಂಕರ್‌ಗಳನ್ನ ತನ್ನ ಲೈಬ್ರರಿಯಲ್ಲಿ ಸೇರಿಸಿ ದುಡ್ಡು ಹೊಂದಿಸಿದ್ರು, ಯಾರನ್ನ ಉಳಿಸ್ಬೇಕು ಯಾರನ್ನ ಬಿಡ್ಬೇಕು ಅನ್ನೋದರಲ್ಲಿ ಅವರ ಮಾತೇ ನಡೀತು. ಸೆಂಟ್ರಲ್ ಬ್ಯಾಂಕ್ ಇಲ್ಲ ಅಂದ ಮಾತ್ರಕ್ಕೆ ಆ ಕೆಲಸ ಎಲ್ಲಿಗೆ ಹೋಗುತ್ತೆ, ಯಾರೋ ಒಬ್ರ ಕೈಗೆ ಹೋಗಿ ಬೀಳುತ್ತೆ, ಅವರನ್ನ ಕೇಳೋರೂ ಇರಲ್ಲ. ಡಾಲರನ್ನೇ ಬಳಸೋ ಪನಾಮಾದಲ್ಲೂ ಸೆಂಟ್ರಲ್ ಬ್ಯಾಂಕ್ ಇಲ್ಲ, ಆದ್ರೆ ಡಾಲರ್ ಬಡ್ಡಿ ವಾಷಿಂಗ್ಟನ್‌ನಲ್ಲಿ ತೀರ್ಮಾನ ಆಗುತ್ತೆ, ಪನಾಮಾದವರ ಮಾತು ಅಲ್ಲಿ ನಡೆಯಲ್ಲ. ಅದಕ್ಕೇ ನಾನು ಸೆಂಟ್ರಲ್ ಬ್ಯಾಂಕ್ ಇರಲಿ ಅನ್ನೋರ ಕಡೆ.

ಇದ್ದ ಮಾತ್ರಕ್ಕೆ ಸರಿಯಾಗಿ ಕೆಲಸ ಮಾಡುತ್ತೆ ಅಂತಾನೂ ಇಲ್ಲ. 1913ರಲ್ಲಿ ಅಮೆರಿಕದ ಈಗಿನ ಸೆಂಟ್ರಲ್ ಬ್ಯಾಂಕ್ ಆದ ಫೆಡರಲ್ ರಿಸರ್ವ್ (ಫೆಡ್) ಬಂತು, 1930ರ ದಶಕದ ಮಹಾ ಕುಸಿತದಲ್ಲಿ ಸಾವಿರಾರು ಬ್ಯಾಂಕ್ ಮುಳುಗೋವಾಗ ಅದು ಬೇಕಾದಷ್ಟು ಮಾಡ್ಲೇ ಇಲ್ಲ, ಆ ತಪ್ಪನ್ನ 2002ರಲ್ಲಿ ಫೆಡ್ ಗವರ್ನರ್‌ಗಳಲ್ಲಿ ಒಬ್ರಾಗಿದ್ದ ಬರ್ನಾಂಕೆನೇ ಬಹಿರಂಗವಾಗಿ ಒಪ್ಕೊಂಡ್ರು. ಹಾಗಾಗಿ ಬೇಕಾ ಬೇಡ್ವಾ ಅನ್ನೋದಕ್ಕಿಂತ ಲೆಕ್ಕ ಯಾರಿಗೆ ಒಪ್ಪಿಸ್ತಾರೆ ಅಂತ ಜಗಳ ಆಡಿದ್ರೆ ನಮಗೆ ಉಪಯೋಗ. ನಮ್ಮಲ್ಲಿ 2016ರಿಂದ ಒಂದು ಕಾನೂನಿದೆ, ಹಣದುಬ್ಬರ 4% ಸುತ್ತಮುತ್ತ ಇರ್ಬೇಕು, ಸತತ ಮೂರು ತ್ರೈಮಾಸಿಕ 6% ದಾಟಿದ್ರೆ ಯಾಕೆ ಹಂಗಾಯ್ತು ಅಂತ ರಿಸರ್ವ್ ಬ್ಯಾಂಕ್ ಕೇಂದ್ರ ಸರ್ಕಾರಕ್ಕೆ ಬರೆದು ಕೊಡ್ಬೇಕು. 2022ರಲ್ಲಿ ಹಂಗೇ ಆಯ್ತು, ಪತ್ರನೂ ಹೋಯ್ತು, ಆದ್ರೆ ಅದನ್ನ ಆಗ ಜನರ ಮುಂದೆ ಇಡ್ಲೇ ಇಲ್ಲ. ಬೆಲೆ ಏರಿಕೆಯ ಹೊರೆ ಹೊತ್ತೋರು ನಾವು, ಆ ಪತ್ರ ಓದೋ ಹಕ್ಕು ನಮಗೂ ಇರ್ಬೇಕಿತ್ತು.