ಗರಿಕೆಯ ಕೆಳಗಿನ ಮರಳು

ಚಿಕ್ಕಮಗಳೂರಿನಂಥ ಊರಿನಲ್ಲಿ ಗಾಲ್ಫ್ ಮೈದಾನ ಮಾಡಹೊರಟವರು ಮೊದಲು ಲೆಕ್ಕ ಹಾಕಬೇಕಾದದ್ದು ಆಷಾಢದ ಮಳೆಯನ್ನು.

ಪೂರ್ಣ ಮೈದಾನಕ್ಕೆ 18 ಹೋಲ್, ಸುಮಾರು 120ರಿಂದ 180 ಎಕರೆ ಜಾಗ. ಹೋಲ್ ಎಂದರೆ ಚೆಂಡು ಬೀಳುವ 108 ಮಿ.ಮೀ. ಅಗಲದ ಕುಳಿಯೂ ಹೌದು, ಮೊದಲ ಹೊಡೆತದ ಜಾಗವಾದ ಟೀಯಿಂದ ಆ ಕುಳಿಯವರೆಗಿನ ಇಡೀ ಪಟ್ಟಿಯೂ ಹೌದು. ನಡುವೆ ಸವರಿದ ಹುಲ್ಲಿನ ಫೇರ್‌ವೇ, ಅಂಚಿಗೆ ಉದ್ದ ಹುಲ್ಲಿನ ರಫ್, ಅಲ್ಲಲ್ಲಿ ಮರಳಿನ ಬಂಕರ್, ಕೊನೆಗೆ ಕುಳಿಯ ಸುತ್ತ ತೀರಾ ಗಿಡ್ಡಗೆ ಕತ್ತರಿಸಿದ ಹುಲ್ಲಿನ ಗ್ರೀನ್. ಒಂದು ಹೋಲ್ ಮುಗಿಸಲು ಇಷ್ಟು ಹೊಡೆತ ಎಂಬ ಲೆಕ್ಕವೇ ಪಾರ್: ಸಾಮಾನ್ಯವಾಗಿ 3, 4 ಅಥವಾ 5.

18ರ ಲೆಕ್ಕ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನದು. ಅಲ್ಲಿ 1764ರಲ್ಲಿ 22 ಇದ್ದದ್ದನ್ನು 18ಕ್ಕೆ ಇಳಿಸಿದರು. ಅದು ಕಡಲಂಚಿನ ಮರಳುನೆಲ, ಬಿದ್ದ ನೀರು ತಾನಾಗಿ ಇಂಗುತ್ತದೆ. ಇಲ್ಲಿ ಆ ಮರಳುನೆಲವನ್ನು ಗ್ರೀನ್‌ನ ಕೆಳಗೆ ನಾವೇ ಕಟ್ಟಿಕೊಳ್ಳಬೇಕು.

400 ಮಿ.ಮೀ. ಆಳಕ್ಕೆ ಅಗೆದು, ಮೇಲಿನ ಇಳಿಜಾರನ್ನೇ ತಳಕ್ಕೂ ಕೊಡಬೇಕು. ಚರಂಡಿ ತೋಡಿ, 5 ಮೀಟರಿಗಿಂತ ದೂರವಾಗದಂತೆ ತೂತಿನ ಪೈಪುಗಳನ್ನು ಹಾಸಬೇಕು. ಮೇಲೆ 100 ಮಿ.ಮೀ. ಸಣ್ಣ ಜಲ್ಲಿ, ಅದರ ಮೇಲೆ 300 ಮಿ.ಮೀ. ತೊಳೆದ ಮರಳು. ಇದರ ಚಂದ ಇರುವುದು ಜಲ್ಲಿ ಮತ್ತು ಮರಳು ಸೇರುವಲ್ಲಿ. ನೆನೆದ ಸ್ಪಂಜನ್ನು ಎತ್ತಿ ಹಿಡಿಯಿರಿ: ತಳದಲ್ಲಿ ನೀರು ತುಂಬಿದ್ದರೂ ಬೀಳುವುದಿಲ್ಲ, ಮೇಲಿಂದ ಇನ್ನಷ್ಟು ಸುರಿದಾಗ ತೊಟ್ಟಿಕ್ಕುತ್ತದೆ. ಮರಳಿನ ಸಣ್ಣ ಸಂದುಗಳೂ ಹೀಗೆಯೇ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತವೆ, ಜೋರುಮಳೆಯಲ್ಲಿ ಹೆಚ್ಚಾದದ್ದನ್ನು ಜಲ್ಲಿಗೆ ಬಿಡುತ್ತವೆ. ಖರ್ಚು ಉಳಿಯಲೆಂದು ತೋಟದ ಕೆಮ್ಮಣ್ಣು ಬೆರೆಸಿದರೆ ಜೇಡಿ ಆ ಸಂದುಗಳನ್ನೇ ಮುಚ್ಚಿಬಿಡುತ್ತದೆ. ಆಮೇಲೆ ಪೈಪು ಎಷ್ಟಿದ್ದರೂ ನೀರು ಅಲ್ಲಿಗೆ ಇಳಿಯುವುದೇ ಇಲ್ಲ.

ಮೇಲೆ ಬೆಳೆಸುವ ಬರ್ಮುಡಾ ಹುಲ್ಲು ಬೇರೇನಲ್ಲ, ಗಣಪತಿಗೆ ಏರಿಸುವ ಗರಿಕೆಯ ಬಳಗದ್ದೇ. ಗ್ರೀನ್‌ಗೆ ಹಾಕುವ ಮಿಶ್ರತಳಿಗಳು ಬೀಜ ಕಟ್ಟುವುದಿಲ್ಲ, ಬಳ್ಳಿಯ ತುಂಡು ನೆಟ್ಟೇ ಹಬ್ಬಿಸಬೇಕು. 3-4 ಮಿ.ಮೀ.ಗೆ ಕತ್ತರಿಸಿದರೂ ತಾಳುತ್ತದೆ, ನೆರಳನ್ನು ಮಾತ್ರ ತಾಳದು. ಗ್ರೀನ್‌ನ ಮೂಡಣಕ್ಕೆ ಸಿಲ್ವರ್ ಓಕ್ ಸಾಲು ಉಳಿಸಿಕೊಂಡರೆ ಬೆಳಗಿನ ಬಿಸಿಲು ತಪ್ಪಿ, ಇಬ್ಬನಿ ಆರದೆ, ಶಿಲೀಂಧ್ರ ಹತ್ತುತ್ತದೆ. ಮೋಡ ಕವಿದ ತಿಂಗಳುಗಳಲ್ಲಿ ಕತ್ತರಿಸುವ ಎತ್ತರವನ್ನು ತುಸು ಏರಿಸಲೇಬೇಕು. ಎಲೆ ಉಳಿದರಷ್ಟೇ ಆ ಮಂಕು ಬೆಳಕಿನಲ್ಲಿ ಹುಲ್ಲು ಬದುಕೀತು.

ತುಳಿತ ಒಂದೇ ಕಡೆ ಬೀಳದಿರಲೆಂದು ಕುಳಿಯ ಜಾಗವನ್ನು ಆಗಾಗ ಬದಲಿಸುತ್ತಾರೆ. ಕೊಳವೆಯಂಥ ಕಟ್ಟರ್ ಒತ್ತಿದರೆ ಹುಲ್ಲುಸಮೇತ ಮರಳಿನ ಹೆಂಟೆ ಮೇಲೆ ಬರುತ್ತದೆ, ಅದನ್ನು ಹಳೆಯ ಕುಳಿಗೆ ಕೂರಿಸುತ್ತಾರೆ. ಕೂರಿಸುವ ಮುನ್ನ ಅದರ ಬದಿಯನ್ನು ನೋಡಿ, ಮೂಸಬೇಕು. ನಡುವೆ ಕಪ್ಪು ಪಟ್ಟೆಯಿದ್ದು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ, ಅಲ್ಲಿ ನೀರು ನಿಂತು ಗಾಳಿ ಆಡುತ್ತಿಲ್ಲ. ಪೈಪಿನ ಬಾಯಿ ಕಟ್ಟಿದೆಯೇ ನೋಡಿ, ಗ್ರೀನ್‌ನ ತುಂಬ ಪೊಳ್ಳುಮೊಳೆಗಳಿಂದ ತೂತು ತೆಗೆದು, ಒಣಮರಳು ತುಂಬಬೇಕು, ಅದೂ ಮಳೆ ಹಿಡಿಯುವ ಮೊದಲೇ.