ಮಾನವಶಾಸ್ತ್ರ ಅಂದ್ರೆ ಬುಡಕಟ್ಟು ಜನ, ತಲೆಬುರುಡೆ ಅಷ್ಟೇನಾ?

ಪ್ರಶ್ನೆ: ಡಿಗ್ರಿಗೆ ಮಾನವಶಾಸ್ತ್ರ ತಗೋಬೇಕು ಅಂತಿದ್ದೀನಿ. ಮನೆಯಲ್ಲಿ ಯಾರಿಗೂ ಅದೇನು ಅಂತ ಗೊತ್ತಿಲ್ಲ. ‘ಕಾಡಿಗೆ ಹೋಗಿ ಬುಡಕಟ್ಟು ಜನರ ಜೊತೆ ಕೂರೋದಾ, ಇಲ್ಲಾ ಲ್ಯಾಬಲ್ಲಿ ತಲೆಬುರುಡೆ ಅಳೆಯೋದಾ?’ ಅಂತ ಕೇಳ್ತಾರೆ. ಅಲ್ಲಿ ನಿಜಕ್ಕೂ ಏನು ಓದಿಸ್ತಾರೆ?

ಉತ್ತರ: ನಿಮ್ಮ ಮನೆಯವರು ಪೂರ್ತಿ ತಪ್ಪು ಹೇಳುತ್ತಿಲ್ಲ. ಆದರೆ ಕ್ಲಾಸಿಗೆ ಸೇರಿದ ಹೊಸದರಲ್ಲಿ ಎದುರಾಗುವುದು ಕಾಡೂ ಅಲ್ಲ, ತಲೆಬುರುಡೆಯೂ ಅಲ್ಲ. ಎಷ್ಟೋ ಕಡೆ ಅದು ಒಂದು ಸಣ್ಣ ಹೋಂವರ್ಕ್. ಜನ ಸೇರುವ ಜಾಗಕ್ಕೆ ಹೋಗಿ. ಬಸ್ ನಿಲ್ದಾಣ ಆದರೂ ಸರಿ, ಆಸ್ಪತ್ರೆ ಆದರೂ ಸರಿ. ಒಂದು ಗಂಟೆ ಸುಮ್ನೆ ಕೂತು, ಕಂಡಿದ್ದನ್ನು ಬರೆದು ತನ್ನಿ.

ಸುಲಭ ಅನಿಸುತ್ತದೆ, ಅಲ್ವಾ? ಹುಡುಗ ಬರೆದು ತರುತ್ತಾನೆ: ‘ಕ್ಯೂನಲ್ಲಿದ್ದ ಹೆಂಗಸು ತಾಳ್ಮೆ ಕಳೆದುಕೊಂಡಿದ್ದರು.’ ಮೇಷ್ಟ್ರು ಅದರ ಕೆಳಗೆ ಗೆರೆ ಎಳೆದು ಕೇಳುತ್ತಾರೆ, ನೀನು ಕಂಡಿದ್ದೇನು? ಆಗ ಅವನು ನೆನಪು ಮಾಡಿಕೊಳ್ಳಬೇಕು. ಅವರು ಮತ್ತೆ ಮತ್ತೆ ಫೋನಿನಲ್ಲಿ ಟೈಮ್ ನೋಡುತ್ತಿದ್ದರು. ಫೈಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಕೌಂಟರ್ ಕಡೆ ಒಂದು ಹೆಜ್ಜೆ ಇಟ್ಟು ವಾಪಸ್ ಬಂದರು. ಕಂಡಿದ್ದು ಇಷ್ಟೇ. ಉಳಿದದ್ದು ಅವನ ಊಹೆ. ಅವರಿಗೆ ಕಾಲು ನೋವಿರಬಹುದು. ಮಗು ಸ್ಕೂಲಿನಿಂದ ಬರುವ ಹೊತ್ತಾಗಿರಬಹುದು. ಕಂಡಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಇಡುವುದು ಕೆಲವರಿಗೆ ಡಿಗ್ರಿ ಮುಗಿಯುವ ಹೊತ್ತಿಗೂ ಕೈಗೆ ಹತ್ತುವುದಿಲ್ಲ.

ಈ ಕೆಲಸದ ದೊಡ್ಡ ರೂಪವೇ ಕ್ಷೇತ್ರಕಾರ್ಯ. ಜನರ ನಡುವೆ ಹೋಗಿ ತಿಂಗಳುಗಟ್ಟಲೆ ಇದ್ದು, ಅವರ ಭಾಷೆ ಕಲಿತು, ದಿನಾ ನೋಟ್ಸ್ ಬರೆಯುವುದು. ಇದರ ಮಾತು ಬಂದಾಗ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ ಹೆಸರು ಬಂದೇ ಬರುತ್ತದೆ. 1914ರಲ್ಲಿ ಅವರು ಆಸ್ಟ್ರೇಲಿಯಾದಲ್ಲಿದ್ದಾಗ ಮೊದಲ ಮಹಾಯುದ್ಧ ಶುರುವಾಯಿತು. ಹುಟ್ಟಿದ್ದು ಪೋಲೆಂಡಿನ ಕ್ರಾಕೋವ್‌ನಲ್ಲಿ. ಆಗ ಅದು ಆಸ್ಟ್ರಿಯಾದ ಕೈಯಲ್ಲಿತ್ತು. ಹಾಗಾಗಿ ಕಾಗದದ ಮೇಲೆ ಅವರು ಶತ್ರುದೇಶದ ಪ್ರಜೆ. ಆದರೂ ಸಂಶೋಧನೆಗೆ ಅನುಮತಿ ಸಿಕ್ಕಿತು. ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ, 1915ರಿಂದ 1918ರ ನಡುವೆ ಎರಡು ಸರ್ತಿ, ಊರೊಳಗೇ ಟೆಂಟ್ ಹಾಕಿಕೊಂಡು ಇದ್ದರು.

ಅಲ್ಲಿನ ಜನ ಅಪಾಯದ ಸಮುದ್ರದಲ್ಲಿ ದೋಣಿ ಕಟ್ಟಿಕೊಂಡು ಹೋಗಿ ಕೊಟ್ಟು ತರುತ್ತಿದ್ದದ್ದು ಕೆಂಪು ಚಿಪ್ಪಿನ ಹಾರ, ಬಿಳಿ ಚಿಪ್ಪಿನ ತೋಳ್ಬಳೆ. ಹಾರಗಳು ದ್ವೀಪಗಳ ಸುತ್ತ ಒಂದು ದಿಕ್ಕಿಗೆ ಸಾಗುತ್ತವೆ, ಬಳೆಗಳು ಅದಕ್ಕೆ ಎದುರು ದಿಕ್ಕಿಗೆ. ಯಾರೂ ಅವನ್ನು ಕೊನೆವರೆಗೆ ಇಟ್ಟುಕೊಳ್ಳುವ ಹಾಗಿಲ್ಲ. ಸ್ವಲ್ಪ ಕಾಲ ಇಟ್ಟುಕೊಂಡು ಮುಂದೆ ದಾಟಿಸಬೇಕು. ಇದೇ ಕುಲಾ. ಅಷ್ಟು ಕಷ್ಟಪಟ್ಟು ಬಳಸಲಾಗದ ಒಡವೆ ಯಾಕೆ? ಯಾರ ಕೈಯಲ್ಲಿ ಹೆಸರಾಂತ ಹಾರ ಬಂದಿತ್ತು ಅನ್ನೋದರ ಮೇಲೆ ಹೆಸರು, ಗೌರವ ನಿಂತಿತ್ತು. ದೂರದ ದ್ವೀಪದಲ್ಲಿ ಉಳಿಯಲು ಒಬ್ಬ ಜೊತೆಗಾರ ಸಿಗುತ್ತಿದ್ದ. ಬದಿಯಲ್ಲಿ ಮಾಮೂಲಿ ಸರಕಿನ ವ್ಯಾಪಾರವೂ ನಡೆಯುತ್ತಿತ್ತು, ಅಲ್ಲಿ ಚೌಕಾಸಿಗೆ ಅಡ್ಡಿಯಿಲ್ಲ. ಕುಲಾದಲ್ಲಿ ಚೌಕಾಸಿ ಮಾಡಿದರೆ ಮಾತ್ರ ಮಾನ ಹೋಯಿತು ಅಂತಲೇ. ಇದನ್ನೆಲ್ಲ ದಡದಲ್ಲಿ ಒಂದು ವಾರ ಇದ್ದು ಹೋಗುವವರು ಹಿಡಿಯಲು ಸಾಧ್ಯವೇ ಇಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು ಬ್ರಿಟಿಷ್ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ತಮ್ಮ ಪುಸ್ತಕದಲ್ಲಿ ದಾಖಲಿಸಿದ ಕಣಜದ ಪ್ರಸಂಗ. ದಕ್ಷಿಣ ಸುಡಾನಿನ ಅಜಾಂಡೆ ಜನ ಧಾನ್ಯದ ಕಣಜವನ್ನು ಮರದ ಕಂಬಗಳ ಮೇಲೆ ಕಟ್ಟುತ್ತಿದ್ದರು. ಬಿಸಿಲೇರಿದಾಗ ಅದರ ನೆರಳಲ್ಲಿ ಕೂತು ಹರಟುತ್ತಿದ್ದರು. ಒಂದೊಂದು ಸಲ ಕಣಜ ಕುಸಿದು ಕೆಳಗಿದ್ದವರ ಮೇಲೆ ಬೀಳುವುದಿತ್ತು. ಗೆದ್ದಲು ಕಂಬ ತಿಂದಿತ್ತು ಅಂತ ಅವರಿಗೂ ಚೆನ್ನಾಗಿ ಗೊತ್ತು. ಅವರ ಪ್ರಶ್ನೆ ಬೇರೆ. ಇದೇ ಜನ ಕೂತಿದ್ದಾಗ, ಅದೇ ಗಳಿಗೆಯಲ್ಲೇ ಯಾಕೆ ಬಿತ್ತು? ಅದಕ್ಕೆ ಅವರ ಉತ್ತರ ಮಾಟ. 1937ರಲ್ಲಿ ಬಂದ ಆ ಪುಸ್ತಕ ಹೇಳಿದ್ದು ಇಷ್ಟು: ಅವರು ಕಾರ್ಯಕಾರಣ ತಿಳಿಯದವರಲ್ಲ. ನಾವು ‘ಗ್ರಹಚಾರ’ ಅಂತ ಬಿಟ್ಟುಬಿಡುವ ಜಾಗದಲ್ಲಿ ಅವರು ಇನ್ನೂ ಒಂದು ಪ್ರಶ್ನೆ ಕೇಳುತ್ತಾರೆ. ಇದನ್ನು ಓದಿದ ಮೇಲೆ ‘ಮೂಢನಂಬಿಕೆ’ ಅಂತ ತಟ್ಟನೆ ಹೇಳೋಕೆ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಹಾಗಾದರೆ ದೂರದ ದ್ವೀಪ, ಬುಡಕಟ್ಟು ಇವೇ ತಾನೇ ಅಂತೀರಾ? ಆರಂಭದಲ್ಲಿ ಜಾಸ್ತಿ ಹಾಗೇ ಇತ್ತು, ನಿಜ. ಅದರ ಹಿಂದೆ ವಸಾಹತು ಆಳ್ವಿಕೆಯ ನೆರಳೂ ಇತ್ತು. ಈ ಕಹಿಯನ್ನು ಈಗ ಸಿಲಬಸ್ಸಿನಲ್ಲೇ ಓದಿಸುತ್ತಾರೆ. ಮಾಲಿನೋವ್‌ಸ್ಕಿ ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1967ರಲ್ಲಿ, ಅವರ ಖಾಸಗಿ ಡೈರಿ ಹೊರಬಂತು. ಆ ದ್ವೀಪದ ಜನರ ಮೇಲೆ ಅವರು ಕಾರಿದ ಅಸಹನೆ, ಕೀಳುಮಾತು ಎಲ್ಲ ಅದರಲ್ಲಿತ್ತು. ದೊಡ್ಡ ಗಲಾಟೆಯೇ ಆಯಿತು. ಈಗ ಕ್ಷೇತ್ರಕಾರ್ಯಕ್ಕೆ ಹೊರಡುವ ಮುಂಚೆ ಜನರ ಒಪ್ಪಿಗೆ ಹೇಗೆ ಪಡೆಯಬೇಕು, ಅವರ ಹೆಸರು ಹೇಗೆ ಮುಚ್ಚಿಡಬೇಕು ಅಂತೆಲ್ಲ ಕಲಿಯಬೇಕು. ಫೀಲ್ಡ್ ಅನ್ನೋದೂ ಬದಲಾಗಿದೆ. ಕಾರ್ಖಾನೆ, ಷೇರುಪೇಟೆ, ಲ್ಯಾಬು, ಆನ್‌ಲೈನ್ ಆಟದ ಗುಂಪು, ಎಲ್ಲ ಕಡೆ ಮಾನವಶಾಸ್ತ್ರಜ್ಞರು ಕೂತು ನೋಟ್ಸ್ ಬರೆದಿದ್ದಾರೆ.

ಜನ ಹೇಳುವುದಕ್ಕೂ ಮಾಡುವುದಕ್ಕೂ ಅಂತರ ಇರುತ್ತದೆ. ಈ ಇಡೀ ಓದು ನಿಂತಿರುವುದು ಆ ಅಂತರದ ಮೇಲೆ ಅಂತ ನನ್ನ ಅಭಿಪ್ರಾಯ. 1973ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ವಿಲಿಯಂ ರಾತ್ಜೆ ಎಂಬ ಪುರಾತತ್ತ್ವಜ್ಞ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಟೂಸಾನ್ ನಗರದ ಮನೆಗಳ ಕಸವನ್ನು ಬಿಡಿಸಿ ಲೆಕ್ಕ ಹಾಕಲು ಶುರುಮಾಡಿದರು. ಬಿಯರ್ ಎಷ್ಟು ಕುಡೀತೀರಿ ಅಂತ ಕೇಳಿದಾಗ ಜನ ಹೇಳಿದ್ದು ಒಂದು. ಡಬ್ಬಿಗಳ ಲೆಕ್ಕ ಹೇಳಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ! ಸಮಾಜಶಾಸ್ತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳುವವರಿದ್ದಾರೆ. ಎರಡರ ನಡುವಿನ ಗೆರೆ ಈಗ ತೆಳುವಾಗಿದೆ. ಸಮೀಕ್ಷೆ, ಅಂಕಿಅಂಶದ ಕಡೆ ಸಮಾಜಶಾಸ್ತ್ರ ಜಾಸ್ತಿ ವಾಲುತ್ತದೆ. ಮಾನವಶಾಸ್ತ್ರ ಕೆಲವೇ ಜನರ ಜೊತೆ ತುಂಬಾ ದಿನ ಇರುತ್ತದೆ.

ಇನ್ನು ತಲೆಬುರುಡೆ. 19ನೇ ಶತಮಾನದಲ್ಲಿ ಬುರುಡೆ ಅಳೆದು ಯಾವ ಜನ ಮೇಲು, ಯಾವ ಜನ ಕೀಳು ಅಂತ ಸಾಧಿಸಲು ಹೊರಟವರಿದ್ದರು. ಅದಕ್ಕೆ ಅದೇ ಅಳತೆಪಟ್ಟಿ ಹಿಡಿದೇ ಉತ್ತರ ಕೊಟ್ಟವರು ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್. ಅಮೆರಿಕಕ್ಕೆ ವಲಸೆ ಬಂದವರು ಮತ್ತು ಅವರ ಮಕ್ಕಳು ಸೇರಿ ಸುಮಾರು 18,000 ಜನರನ್ನು ಅಳತೆ ಮಾಡಿಸಿದರು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ತಲೆಯ ಆಕಾರ ಅಪ್ಪ ಅಮ್ಮಂದಿರದ್ದಕ್ಕಿಂತ ಬೇರೆಯಾಗಿತ್ತು. ಬದಲಾಗುವುದೇ ಇಲ್ಲ ಅಂದುಕೊಂಡಿದ್ದ ಗುರುತೇ ಒಂದು ತಲೆಮಾರಿನಲ್ಲಿ ಬದಲಾದರೆ ಅದರ ಮೇಲೆ ಜನಾಂಗ ವಿಂಗಡಿಸುವುದು ಹೇಗೆ? ಅವರ ಅಂಕಿಗಳನ್ನು ಹಿಡಿದು 2000ದ ನಂತರವೂ ವಾದ ನಡೆದಿದೆ. ಕ್ಲಾಸಿನಲ್ಲಿ ಆ ವಾದವನ್ನೂ ಓದುತ್ತೀರಿ.

ಈಗಿನ ಮೂಳೆ ಲ್ಯಾಬಿನಲ್ಲಿ ಪ್ರಶ್ನೆಗಳೇ ಬೇರೆ. ಸೊಂಟದ ಮೂಳೆ ಕೈಗೆ ಕೊಟ್ಟು ಹೆಣ್ಣೋ ಗಂಡೋ ಹೇಳಿ ಅಂತಾರೆ. ಅದರ ಹಿಂಬದಿಯ ಕಚ್ಚು ಸಾಮಾನ್ಯವಾಗಿ ಹೆಣ್ಣಿನಲ್ಲಿ ಅಗಲ, ಗಂಡಿನಲ್ಲಿ ಕಿರಿದು. ಹಲ್ಲು ನೋಡಿ ಮಗುವಿನ ವಯಸ್ಸು ಅಂದಾಜು ಮಾಡಬೇಕು. ಇದು ಬರೀ ಪರೀಕ್ಷೆಗಲ್ಲ. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗಿನ ಸೇನಾಡಳಿತ ಸಾವಿರಾರು ಜನರನ್ನು ಕಾಣೆ ಮಾಡಿತು. ಹೆಸರಿಲ್ಲದ ಗೋರಿಗಳಿಂದ ಅವರನ್ನು ಗುರುತಿಸಲು 1984ರಲ್ಲಿ ಅಮೆರಿಕದ ವಿಧಿವಿಜ್ಞಾನ ಮಾನವಶಾಸ್ತ್ರಜ್ಞ ಕ್ಲೈಡ್ ಸ್ನೋ ಬಂದರು. ಅವರ ಜೊತೆ ಗೋರಿಗೆ ಇಳಿದವರು ಮಾನವಶಾಸ್ತ್ರ, ಪುರಾತತ್ತ್ವ, ವೈದ್ಯಕೀಯ ಓದುತ್ತಿದ್ದ ವಿದ್ಯಾರ್ಥಿಗಳು. ಅವರು ಕಟ್ಟಿದ ತಂಡ ಆಮೇಲೆ ಬೇರೆ ಎಷ್ಟೋ ದೇಶಗಳಲ್ಲಿ ಇದೇ ಕೆಲಸ ಮಾಡಿತು.

ಭಾಷೆಯ ಅಧ್ಯಯನವೂ ಇರುತ್ತದೆ. ಬಂಧುತ್ವದ ನಕ್ಷೆಯಂತೂ ತಪ್ಪಿದ್ದಲ್ಲ: ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮ ಚಿಹ್ನೆ. ನಿಮ್ಮದೇ ಮನೆತನದ ನಕ್ಷೆ ಬರೆಯಲು ಹೇಳುತ್ತಾರೆ. ಮೂರನೇ ತಲೆಮಾರಿಗೆ ಹಾಳೆ ಸಾಲುವುದಿಲ್ಲ. ಸಿದ್ಧಾಂತದ ಪೇಪರ್‌ಗಳೂ ಬರುತ್ತವೆ. ಓದು ಜಾಸ್ತಿ, ಬರವಣಿಗೆ ಅದಕ್ಕಿಂತ ಜಾಸ್ತಿ. ಓದೋಕೆ ಬೇಜಾರು ಇರುವವರಿಗೆ ಇದು ಸರಿಹೋಗುವುದಿಲ್ಲ ಅಂತ ನೇರವಾಗಿ ಹೇಳಿಬಿಡುತ್ತೇನೆ.

ಕೆಲಸದ ವಿಚಾರ ನೀವು ಕೇಳಲಿಲ್ಲ, ಮನೆಯವರು ಕೇಳುತ್ತಾರೆ. ‘ಮಾನವಶಾಸ್ತ್ರಜ್ಞ ಬೇಕಾಗಿದ್ದಾರೆ’ ಅಂತ ಜಾಹೀರಾತು ಅಪರೂಪ. ಡಿಗ್ರಿ ಒಂದರಿಂದಲೇ ಕೆಲಸ ಸಿಗುತ್ತದೆ ಅಂತ ನಂಬಿಸುವವರ ಮಾತು ಕೇಳಬೇಡಿ. ಆದರೆ ಈ ಕಣ್ಣು ಬೇಕಾದ ಜಾಗ ಬಹಳ ಇವೆ. 1980ರ ದಶಕದ ಆರಂಭದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞೆ ಲೂಸಿ ಸುಚ್‌ಮನ್, ಕಾಪಿ ಮೆಷಿನ್ ಮುಂದೆ ಜನ ಒದ್ದಾಡುವುದನ್ನು ವಿಡಿಯೋ ಮಾಡಿದರು. ಬಳಸುವವರಿಗೆ ತಿಳಿವಳಿಕೆ ಕಮ್ಮಿ ಅನ್ನೋ ಹಾಗಿರಲಿಲ್ಲ, ಒದ್ದಾಡಿದವರಲ್ಲಿ ಕಂಪ್ಯೂಟರ್ ವಿಜ್ಞಾನಿಗಳೂ ಇದ್ದರು! ಜನ ಹೆಜ್ಜೆ ಹೆಜ್ಜೆಗೂ ಪ್ಲಾನ್ ಪ್ರಕಾರ ನಡೆಯುತ್ತಾರೆ ಅಂತ ಮೆಷಿನ್ ಅಂದುಕೊಂಡಿತ್ತು. ಜನ ಹಾಗೆ ನಡೆಯುವುದಿಲ್ಲ.

2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ ಶವಗಳನ್ನು ಸುರಕ್ಷಾ ಉಡುಪಿನ ತಂಡಗಳು ಒಯ್ಯುತ್ತಿದ್ದವು. ಶವ ತೊಳೆದು ಬೀಳ್ಕೊಡುವುದು ಅಲ್ಲಿನ ಬಂಧುಗಳ ಕರ್ತವ್ಯ. ಸೋಂಕು ಹರಡುತ್ತಿದ್ದದ್ದೂ ಹಾಗೆಯೇ. ಬಲವಂತ ಮಾಡಿದಾಗ ಜನ ಶವಗಳನ್ನೇ ಬಚ್ಚಿಟ್ಟರು. ಮಾನವಶಾಸ್ತ್ರಜ್ಞರ ಸಲಹೆಯೂ ಸೇರಿ ಆ ವರ್ಷದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ನಿಯಮ ತಿದ್ದಿತು. ಮುಟ್ಟುವ ಹಾಗಿಲ್ಲ, ಆದರೆ ಮನೆಯವರು ಎದುರಿಗಿರಬಹುದು, ಧರ್ಮಗುರು ಪ್ರಾರ್ಥನೆ ಮಾಡಬಹುದು.

ಸೇರುವ ಮುಂಚೆ ಒಂದು ಕೆಲಸ ಮಾಡಿ. ಒಂದೊಂದು ಕಡೆ ಒಂದೊಂದು ಥರದ ಕೋರ್ಸ್ ಇದೆ. ಅಮೆರಿಕದ ಹಳೆಯ ಪದ್ಧತಿಯಲ್ಲಿ ಸಂಸ್ಕೃತಿ, ದೇಹ, ಭಾಷೆ, ಪುರಾತತ್ತ್ವ ನಾಲ್ಕೂ ಒಂದೇ ಸೂರಿನಡಿ. ಬ್ರಿಟನ್ನಿನ ಹಲವು ಕಡೆ ಬರೀ ಸಾಮಾಜಿಕ ಮಾನವಶಾಸ್ತ್ರ. ಸಿಲಬಸ್ ತರಿಸಿಕೊಂಡು ನೋಡಿ. ಮೂಳೆ ಲ್ಯಾಬ್ ಇದೆಯಾ? ಕ್ಷೇತ್ರಕಾರ್ಯ ಎಷ್ಟು ವಾರ, ಜೊತೆಗೆ ಯಾರು ಬರುತ್ತಾರೆ? ನೋಟ್ಸ್ ಓದಿ ತಿದ್ದುವವರು ಇದ್ದಾರಾ? ಕೊನೆ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಹಿಡಿದು ಈ ಕೊನೇ ಪ್ರಶ್ನೆ ಕೇಳಿ, ಪ್ರಾಸ್ಪೆಕ್ಟಸ್‌ನಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ.