ಮತಪತ್ರಕ್ಕೆ ಹೆಸರು ಏರುವ ದಾರಿ

1952ರ ಮೊದಲ ಸಾರ್ವತ್ರಿಕ ಚುನಾವಣೆಯ ಮತಪತ್ರದ ಮೇಲೆ ಯಾವ ಅಭ್ಯರ್ಥಿಯ ಹೆಸರೂ ಇರಲಿಲ್ಲ. ಆಗ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು, ಕೊಪ್ಪಳ ಅದರದೇ ಒಂದು ತಾಲ್ಲೂಕು. ಮತಗಟ್ಟೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದಕ್ಕೆ ಚಿಹ್ನೆ ಅಂಟಿಸುತ್ತಿದ್ದರು. ಓದು ಬಾರದವರೂ ಗುರುತು ನೋಡಿ ಚೀಟಿ ಹಾಕಿ ಬರುತ್ತಿದ್ದರು. ಹೆಸರು, ಚಿಹ್ನೆ ಎರಡನ್ನೂ ಒಂದೇ ಕಾಗದದಲ್ಲಿ ಅಚ್ಚು ಹಾಕಿ, ಅದರ ಮೇಲೆ ಮುದ್ರೆ ಒತ್ತಿಸುವ ಪದ್ಧತಿ ಬಂದಿದ್ದು 1960ರ ದಶಕದ ಶುರುವಿನಲ್ಲಿ.

ಆ ಕಾಗದಕ್ಕೆ ಹೆಸರು ಏರಿಸಲು ಮೊದಲು ಅಂಥ ಖರ್ಚಿರಲಿಲ್ಲ. ವಿಧಾನಸಭೆಗೆ ಠೇವಣಿ 250 ರೂಪಾಯಿ, ಲೋಕಸಭೆಗೆ 500. ಪರಿಶಿಷ್ಟರಿಗೆ ಇದರಲ್ಲಿ ಅರ್ಧ. ನಾಲ್ಕು ದಶಕ ಕಳೆದರೂ ಈ ಮೊತ್ತ ಬದಲಾಗಲಿಲ್ಲ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಮಂದಿ ಕಣದಲ್ಲಿ ಉಳಿದರು. ತಮಿಳುನಾಡಿನ ಮೊಡಕುರಿಚ್ಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಮಂದಿ! ಇವರಲ್ಲಿ ಹೆಚ್ಚಿನವರು ಸುಮ್ನೆ ನಿಂತವರಲ್ಲ. ಬೆಳಗಾವಿಯಲ್ಲಿ ಗಡಿ ವಿವಾದ, ಮೊಡಕುರಿಚ್ಚಿಯಲ್ಲಿ ರೈತರ ಸಿಟ್ಟು. ತಮ್ಮ ಮಾತು ಯಾರೂ ಕೇಳದಿದ್ದಾಗ ಜನ ನಾಮಪತ್ರವನ್ನೇ ಪ್ರತಿಭಟನೆ ಮಾಡಿಕೊಂಡಿದ್ದರು.

ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂತು. ಠೇವಣಿ 5,000 ಮತ್ತು 10,000ಕ್ಕೆ ಏರಿತು. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ (ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರ) ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು ಎಂದಾಯಿತು. ಮತಪತ್ರದಲ್ಲೂ ಮಾನ್ಯತೆ ಪಡೆದ ಪಕ್ಷದವರ ಹೆಸರು ಮೇಲೆ, ಪಕ್ಷೇತರರದು ಕೆಳಗೆ. 2009ರ ತಿದ್ದುಪಡಿಯಿಂದ ಠೇವಣಿ 10,000 ಮತ್ತು 25,000 ಆಗಿದೆ. ಮತಪತ್ರ ಉದ್ದವಾಗಬಾರದು ಅನ್ನುವುದು ನ್ಯಾಯವೇ. ಆದರೆ ಸಿಂಧನೂರಿನ ಒಬ್ಬ ಕೂಲಿಕಾರನಿಗೆ 10,000 ರೂಪಾಯಿ ಚಿಕ್ಕ ಮೊತ್ತವಲ್ಲ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರದಿದ್ದರೆ ಆ ದುಡ್ಡು ವಾಪಸ್ ಬರುವುದಿಲ್ಲ.

ಪಕ್ಷದವರ ಚಿಂತೆಯೇ ಬೇರೆ. ಅವರಿಗೆ ಬೇಕಾದದ್ದು ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಬರೆದುಕೊಡುವ ಪತ್ರ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರದಿದ್ದರೆ ಪಕ್ಷದ ಚಿಹ್ನೆ ಸಿಗುವುದಿಲ್ಲ. ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇರುತ್ತಾರೆ. 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಬಳ್ಳಾರಿಯಲ್ಲಿ ಎದುರಾಳಿಗಳಾದಾಗ, ಕೊನೆಯ ಗಳಿಗೆವರೆಗೂ ಆ ಎರಡು ಹೆಸರು ಊರಿನವರಿಗೆ ಗೊತ್ತಿರಲಿಲ್ಲ.

ಗ್ರಾಮ ಪಂಚಾಯ್ತಿಗೆ ಬಿ ಫಾರಂ ಇಲ್ಲ. ಕರ್ನಾಟಕದಲ್ಲಿ ಆ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. 21 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮೀಸಲು ಸೀಟಿಗೆ ಜಾತಿ ಪ್ರಮಾಣಪತ್ರ ಬೇಕು. ಠೇವಣಿಯೂ ಕಡಿಮೆ. ಅರ್ಧದಷ್ಟು ಸೀಟು ಮಹಿಳೆಯರಿಗೆ ಮೀಸಲು. ಬಡವರಿಗೆ ಇಷ್ಟು ತೆರೆದ ಬಾಗಿಲು ಬೇರೆ ಯಾವ ಚುನಾವಣೆಯಲ್ಲೂ ಇಲ್ಲ.

ಆ ಬಾಗಿಲನ್ನು ಊರಿನವರೇ ಮುಚ್ಚುತ್ತಾರೆ ಅನ್ನುವುದೇ ನನಗೆ ನೋವಿನ ಸಂಗತಿ. ಊರ ದೈವದವರು, ಅಂದರೆ ಊರಿನ ಹಿರಿಯರು, ಗುಡಿಯಲ್ಲಿ ಸೇರಿ, "ಜಗಳ ಬ್ಯಾಡ, ಅವಿರೋಧ ಮಾಡೋಣ" ಅಂತಾರೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ನಾಮಪತ್ರ ವಾಪಸ್ ಪಡೆಯಬೇಕಾದವರು ಯಾರು? ಹೊಲ ಇಲ್ಲದವರು, ಗೌಡರ ಹೊಲದಲ್ಲಿ ದುಡಿಯುವವರು, ಒಂಟಿ ಹೆಂಗಸರು. ಎಷ್ಟೋ ಕಡೆ ಇದು ಹರಾಜಿಗೂ ಇಳಿದಿದೆ. ಗುಡಿಗೆ ಯಾರು ಜಾಸ್ತಿ ಕೊಡುತ್ತಾರೋ ಸೀಟು ಅವರದು. 2020ರ ಪಂಚಾಯ್ತಿ ಚುನಾವಣೆಯಲ್ಲಿ ಇಂಥ ಸುದ್ದಿಗಳು ಬಂದಾಗ, ಹರಾಜು ಅಪರಾಧ ಎಂದು ರಾಜ್ಯ ಚುನಾವಣಾ ಆಯೋಗ ಎಚ್ಚರಿಸಿತ್ತು.

ಹರಾಜಿಗೆ ಸಾಕ್ಷಿ ಹೇಳುವವರು ಮಾತ್ರ ಅಪರೂಪ. ಕಾಗದದಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ವಾಪಸ್ ಅರ್ಜಿಗೆ ಅಭ್ಯರ್ಥಿಯೇ ಸಹಿ ಹಾಕಿರುತ್ತಾರೆ. ಗಡುವು ಮುಗಿದಾಗ ಸೀಟಿನಷ್ಟೇ ಜನ ಕಣದಲ್ಲಿ ಉಳಿದಿದ್ದರೆ ಅವರೇ ಗೆದ್ದಂತೆ. ಆ ವಾರ್ಡಿಗೆ ಮತಪತ್ರ ಅಚ್ಚಾಗುವುದಿಲ್ಲ. ಅಲ್ಲಿನ ಮತದಾರರು ಇನ್ನೊಂದು ಅವಕಾಶಕ್ಕೆ ಐದು ವರ್ಷ ಕಾಯಬೇಕು.